ಬೀಟಾ ನೆಗೆಟಿವ್ ಬಂದ ಮ್ಯಾಲ: ಐವಿಎಫ್ ಫೇಲ್ ಆದವರಿಗಿ ನಮ್ಮ ಅನುಭವ

ಐವಿಎಫ್ (ಲ್ಯಾಬಿನಾಗ ಭ್ರೂಣ ಮಾಡಿ ಗರ್ಭಚೀಲಕ್ಕ ಹಾಕೋ ಚಿಕಿತ್ಸೆ) ಹೆಂಗ ಮಾಡತಾರ ಅಂತ ಕನ್ನಡದಾಗ ಬೇಕಾದಷ್ಟು ವಿಡಿಯೋ ಅವ. ಸೂಜಿ ಹೆಂಗ ಚುಚ್ಕೋಬೇಕು, ಮೊಟ್ಟಿ ಹೆಂಗ ತಗೀತಾರ ಎಲ್ಲಾ ಸಿಗತದ. ಫೇಲ್ ಆದ ಮ್ಯಾಲ ಏನ್ ಮಾಡ್ಬೇಕು ಅಂತ ಹುಡುಕಿದ್ರ ಮಾತ್ರ ಎರಡೇ ನಮೂನಿ ಸಿಗತಾವ, ಒಂದು "ಧೈರ್ಯ ಬಿಡಬ್ಯಾಡ್ರಿ, ನಮ್ಮ ಸೆಂಟರಿಗಿ ಬರ್ರಿ", ಇನ್ನೊಂದು ಯಾವ್ದೋ ಬೇರಿನ ಕಷಾಯ. ನಡುವಿನ ಆ ತಿಂಗಳು ಹೆಂಗ ಕಳೀಬೇಕು, ಯಾವ ಟೆಸ್ಟ್ ಬೇಕು ಯಾವುದು ಬ್ಯಾಡ, ಮನ್ಯಾಗ ಏನ್ ಹೇಳ್ಬೇಕು, ಇದನ್ನ ಯಾರೂ ಹೇಳಂಗಿಲ್ಲ. ಅದಕ್ಕ ಇದು ಬರಿಲಾಕತ್ತೀನಿ. ನಾನು ಡಾಕ್ಟರ್ ಅಲ್ಲ. ಕಲಬುರಗ್ಯಾಗ ಒಂದು ಖಾಸಗಿ ಸಾಲ್ಯಾಗ ಆಫೀಸ್ ಕೆಲಸ ನಂದು, ನಮ್ಮನಿಯವ್ರು ನೆಹರು ಗಂಜ್‌ನಾಗ ಒಂದು ಅಡತಿ ಅಂಗಡ್ಯಾಗ ಲೆಕ್ಕ ಬರೀತಾರ. ನನಗ 35 ನಡದದ. ನಮಗ ಆದದ್ದು ಇದು, ನಿಮ್ಮದು ಬ್ಯಾರೆ ಇರಬಹುದು.

ಹಿಂದಿಂದು ಲಗೂ ಮುಗಸ್ತೀನಿ. ನನ್ನ ಎಎಂಎಚ್ (ಮೊಟ್ಟಿ ಎಷ್ಟು ಉಳದಾವ ಅಂತ ಹೇಳೋ ರಕ್ತ ಪರೀಕ್ಷೆ) ಕಡಿಮಿ ಇತ್ತು, ಇವ್ರ ವೀರ್ಯದ ಕೌಂಟ್ ಬಾರ್ಡರ್‌ಲೈನ್, ಟ್ಯೂಬ್ ಎರಡೂ ಓಪನ್, ಇಂಥಾದ್ದೇ ಕಾರಣ ಅಂತ ಯಾರೂ ಬೆರಳು ಮಾಡಿ ತೋರಿಸ್ಲಿಲ್ಲ. ಐಯುಐ, ಅಂದ್ರ ವೀರ್ಯ ನೇರ ಗರ್ಭಚೀಲಕ್ಕ ಬಿಡೋದು, ಮಾಡಿಸಿದ್ವಿ, ಆಗ್ಲಿಲ್ಲ. ಆಮ್ಯಾಲ ಹೈದ್ರಾಬಾದಿನ ಒಂದು ಸೆಂಟರಿಗಿ ಹೋದ್ವಿ, ಯಾಕಂದ್ರ ನಮಗ ಬೆಂಗಳೂರಿಗಿಂತ ಅದೇ ಹತ್ರ, ಬೆಳಿಗ್ಗಿ ಗಾಡಿ ಹಿಡದ್ರ ಮಧ್ಯಾಹ್ನಕ್ಕ ಮುಟ್ಟತದ, ಉಳ್ಕೊಳ್ಳಾಕ ನಮ್ಮ ಕಾಕಾನ ಮನಿ ಅದ. ನಡುವಿನ ಸ್ಕ್ಯಾನಿಂಗ್ ಎಲ್ಲಾ ಕಲಬುರಗ್ಯಾಗೇ ಮಾಡಿಸಿ ವಾಟ್ಸಾಪ್ ಮಾಡಿದ್ರ ಸಾಕು ಅಂದ್ರು, ಇದೊಂದು ಮೊದಲೇ ಕೇಳ್ಕೋರಿ, ಇಲ್ಲಾಂದ್ರ ಪ್ರತಿ ಸ್ಕ್ಯಾನಿಗೂ ಹೋಗಿ ಬರೋದ್ರಾಗೇ ರೊಕ್ಕ ಮುಗೀತದ. ಸೂಜಿ ಔಷಧ ಫ್ರಿಡ್ಜ್‌ನಾಗ ಇಡಬೇಕು, ನಮ್ಮ ಕಡಿ ಕರೆಂಟ್ ಯಾವಾಗ ಹೋಗತದೋ ಹೇಳಾಕ ಬರಂಗಿಲ್ಲ, ಅದಕ್ಕ ಒಂದು ಥರ್ಮಾಸ್‌ನಾಗ ಐಸ್ ಪ್ಯಾಕ್ ರೆಡಿ ಇಟ್ಟಿದ್ದೆ.

ಮೊಟ್ಟಿ 11 ಸಿಕ್ಕವು ಅಂದಾಗ ಭಾಳ ಖುಷಿಯಾಗಿತ್ತು. ಮರುದಿನ ಫೋನ್ ಬಂತು, ಬಲಿತಿದ್ದು 8, ಅದ್ರಾಗ ಫರ್ಟಿಲೈಸ್ ಆದದ್ದು 6. ಐದನೇ ದಿನಕ್ಕ ಉಳಿದಿದ್ದು ಮೂರು ಎಂಬ್ರಿಯೋ (ಭ್ರೂಣ). ಹಿಂಗ ಕಡಿಮಿ ಆಗೋದು ಎಲ್ಲಾರಿಗೂ ಆಗೋದೇ ಅಂತ, ಆದ್ರ ನಮಗ ಮೊದಲು ಯಾರೂ ಹೇಳಿರ್ಲಿಲ್ಲ, ಪ್ರತಿ ಫೋನಿಗೂ ಎದಿ ಧಸಕ್ಕಂತಿತ್ತು. ಮೂರೂ ಫ್ರೀಜ್ ಮಾಡಿ, ಮುಂದಿನ ತಿಂಗಳು ಗುಳಗಿ ಕೊಟ್ಟು ಲೈನಿಂಗ್ (ಗರ್ಭಚೀಲದ ಒಳಪದರ) 8 ಎಂಎಂ ಮ್ಯಾಲ ಬರಿಸಿ ಎರಡು ಹಾಕಿದ್ರು, ಇದಕ್ಕ ಟ್ರಾನ್ಸ್‌ಫರ್ ಅಂತಾರ. ಒಂದು ಅಲ್ಲೇ ಫ್ರೀಜರ್‌ನಾಗ ಉಳೀತು. ಆ ಒಂದರ ಕಥಿ ಮುಂದ ಬರತದ.

ಟ್ರಾನ್ಸ್‌ಫರ್ ಆಗಿ ಹುಸೇನ್ ಸಾಗರ್ ಎಕ್ಸ್‌ಪ್ರೆಸ್‌ನಾಗ ಹೊಳ್ಳಿ ಬಂದ್ವಿ. ಆಮ್ಯಾಲಿನ ಎರಡು ವಾರದ ಬಗ್ಗೆ ಒಂದೇ ಮಾತು ಹೇಳ್ತೀನಿ, ಎದಿ ನೋವು, ಹೊಟ್ಟಿ ಉಬ್ಬರ, ನಿದ್ದಿ, ವಾಕರಿಕಿ, ಇವೆಲ್ಲಾ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಗುಳಗಿ ಮಾಡೋ ಆಟ. ಬಸರಿದ್ರೂ ಇವೇ ಲಕ್ಷಣ, ಇಲ್ಲದಿದ್ರೂ ಇವೇ. ಅದನ್ನ ನೋಡಿ ಏನೂ ಹೇಳಾಕ ಬರಂಗಿಲ್ಲ. ನಾನು ದಿನಾ ರಾತ್ರಿ ಗೂಗಲ್ ಮಾಡಿದ್ದೇ ಮಾಡಿದ್ದು.

ಬಸರು ಅದೋ ಇಲ್ಲೋ ಹೇಳೋ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಕಲಬುರಗ್ಯಾಗೇ ಕೊಟ್ಟೆ. ಬೆಳಿಗ್ಗಿ ಕೊಟ್ರ ಸಂಜೀಕ ರಿಪೋರ್ಟ್. ಸಾಲ್ಯಾಗ ಫೀ ರಸೀದಿ ಕೊಡ್ಲಾಕತ್ತಿದ್ದೆ, ಮೊಬೈಲ್‌ಗೆ ಪಿಡಿಎಫ್ ಬಂತು, 5ಕ್ಕಿಂತ ಕಡಿಮಿ ಇದ್ರ ನೆಗೆಟಿವ್ ಅಂತ ಅದರಾಗೇ ಬರದಿರತದ, ನಂದು 1.2. ಮುಂದ ನಿಂತ ತಾಯಿ "ಮೇಡಂ ಚಿಲ್ಲರ" ಅಂದ್ಳು, ಚಿಲ್ಲರ ಎಣಿಸಿ ಕೊಟ್ಟೆ. ಸೆಂಟರಿಗಿ ರಿಪೋರ್ಟ್ ಕಳಿಸಿದ್ರ ಕೋಆರ್ಡಿನೇಟರ್ ಕಡಿಂದ ಹಿಂದಿಯಾಗ ಎರಡು ಸಾಲು ಮೆಸೇಜ್, ಎಲ್ಲಾ ಔಷಧ ಬಂದ್ ಮಾಡ್ರಿ, ಪೀರಿಯಡ್ ಎರಡನೇ ದಿನ ಫೋನ್ ಮಾಡ್ರಿ. ಜೊತಿಗಿ ಕೈ ಮುಗಿಯೋ ಇಮೋಜಿ.

ಇಲ್ಲೊಂದು ಗೊತ್ತಿರಲಿ. ನಂಬರ್ 5ಕ್ಕಿಂತ ಸ್ವಲ್ಪ ಮ್ಯಾಲ ಬಂದಿದ್ರ ನೀವಾಗೇ ಗುಳಗಿ ಬಂದ್ ಮಾಡಬ್ಯಾಡ್ರಿ, 48 ತಾಸಿನ ಮ್ಯಾಲ ಹೊಳ್ಳಿ ಟೆಸ್ಟ್ ಮಾಡಿ ಏರ್ಲಾಕತ್ತದೋ ಇಳೀಲಾಕತ್ತದೋ ನೋಡತಾರ. ಮತ್ತ ಗುಳಗಿ ಬಿಟ್ಟ ಮ್ಯಾಲ ಬರೋ ಮುಟ್ಟು ಯಾವಾಗಿನಂಗ ಇರಂಗಿಲ್ಲ. ಲೈನಿಂಗ್ ದಪ್ಪ ಬೆಳೆಸಿರತಾರಲ್ಲ, ಗಡ್ಡಿ ಗಡ್ಡಿ ಹೋಗತದ, ಹೊಟ್ಟಿ ನೋವು ಭಾಳ. ನಾನು ಏನೋ ಆಗ್ಯಾದ ಅಂತ ಅಂಜಿ ರಾತ್ರಿನೇ ನಮ್ಮ ಕಲಬುರಗಿ ಡಾಕ್ಟರಮ್ಮಗ ಫೋನ್ ಮಾಡ್ದೆ. ತಾಸಿಗೊಂದು ಪ್ಯಾಡ್ ತೊಯ್ದು ಹೋಗಾಕತ್ರ, ಜ್ವರ ಬಂದ್ರ, ಕೆಟ್ಟ ವಾಸನಿ ಬಂದ್ರ ಕೂಡ್ಲೆ ದವಾಖಾನಿಗಿ ಬಾ, ಇಲ್ಲಾಂದ್ರ ಇದು ಆಗೋದೇ ತಂಗಿ, ಮಲಗು ಅಂದ್ರು. ಹಾರ್ಮೋನ್ ಒಮ್ಮೆಲೇ ಇಳೀತದಲ್ಲ, ಆ ವಾರದ ಅಳುವಿನಾಗ ದುಃಖ ಎಷ್ಟು, ಔಷಧ ಇಳಿದಿದ್ದು ಎಷ್ಟು ಅಂತ ಬ್ಯಾರೆ ಮಾಡಿ ಹೇಳಾಕಾಗಂಗಿಲ್ಲ. ಆ ವಾರ ಏನೂ ಡಿಸೈಡ್ ಮಾಡಬ್ಯಾಡ್ರಿ, ಮುಂದಿನ ಸೈಕಲ್ ಬಗ್ಗೆನೂ ಬ್ಯಾಡ, ಇನ್ನ ಸಾಕು ಅಂತನೂ ಬ್ಯಾಡ.

ಮತ್ತ ನಮ್ಮ ಪಾಲಿಗಿ ಎಳ್ಳ ಅಮಾಸಿ ಆಗಲೇ ಬರ್ಬೇಕಾ. ನಮ್ಮ ಕಡಿಯವ್ರಿಗಿ ಹೇಳೋದು ಬ್ಯಾಡ, ಹೊರಗಿನವ್ರಿಗಿ ಹೇಳ್ತೀನಿ, ಅವತ್ತು ಇಡೀ ಬಳಗ ಹೊಲಕ್ಕ ಹೋಗತದ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾದ ಹೋಳಿಗಿ ಎಲ್ಲಾ ಕಟ್ಕೊಂಡು, ಚರಗ ಚೆಲ್ಲತಾರ, ಭೂಮ್ತಾಯಿ ತುಂಬಿದ ಬಸರಿ ಅಂತ. ಅತ್ತಿ ಭಜ್ಜಿಗಿ ಸೊಪ್ಪು ಸೋಸ್ಲಾಕತ್ತಿದ್ರು, ಬರಂಗಿಲ್ಲ ಅಂತ ಹೆಂಗ ಹೇಳೋದು, ಹೋದೆ. ಹೊಲದಾಗ ಇವ್ರ ದೊಡ್ಡಮ್ಮ ಬಾಜೂ ಬಂದು ಕುಂತು "ಏನವ್ವಾ, ಏನಾರೆ ವಿಶೇಷ ಅದೇನು?" ಅಂದ್ರು. ನಾನು ಬಾಯಿ ತಗಿಯೋದ್ರಾಗ ಅತ್ತಿನೇ "ಆಕಿಗಿ ಮೈಯಾಗ ಆರಾಮಿಲ್ಲ, ಸುಮ್ನಿರು" ಅಂದ್ರು. ನಮ್ಮತ್ತಿ ಹಂಗ ಅಂತಾರ ಅಂತ ನಾನು ಅಂದ್ಕೊಂಡಿರ್ಲಿಲ್ಲ.

ಅದೇ ಅತ್ತಿ ಮರುದಿನ ನೀ ಸ್ಟೇಷನ್ ಬ್ರಿಡ್ಜ್ ಮೆಟ್ಟಿಲ ಹತ್ತಿದ್ದಿಯಲ್ಲ ಅದಕ್ಕೇ ಹಿಂಗಾಯ್ತು ಅಂದ್ರು ಅನ್ನೋದು ಬ್ಯಾರೆ ಮಾತು. ಒಬ್ಬೊಬ್ಬರದು ಒಂದೊಂದು. ಟ್ರೇನಿನಾಗ ಬರಬಾರದಿತ್ತು, ರಿಂಗ್ ರೋಡಿನ ತಗ್ಗಿನಾಗ ಆಟೋ ಕುಲುಕಾಡ್ತು, ಸಾಲಿಗಿ ಲಗೂನೇ ಹೋದ್ಲು, ಗಾಣಗಾಪುರಕ್ಕ ಬೇಡ್ಕೊಂಡು ಹೋಗೇ ಇಲ್ಲ. ನಾನೇ ರಾತ್ರಿ ಕುಂತು ಆ ಪಟ್ಟಿಗಿ ಇನ್ನೂ ನಾಕು ಸೇರಿಸ್ತಿದ್ದೆ, ಅವತ್ತು ಭಾರದ ಕೊಡ ಎತ್ತಿದ್ನಾ, ಜೋರಾಗಿ ಸೀನಿದ್ನಾ ಅಂತ. ಡಾಕ್ಟರಮ್ಮ ಇದನ್ನ ಒಂದೇ ಮಾತಿನಾಗ ಮುಗಿಸಿದ್ರು. ಮೆಟ್ಟಿಲ ಹತ್ತಿದ್ರ, ಗಾಡ್ಯಾಗ ಕುಂತ್ರ, ಸಂಡಾಸಿಗಿ ಹೋದ್ರ ಎಂಬ್ರಿಯೋ ಜಾರಿ ಬೀಳಂಗಿಲ್ಲ, ಟ್ರಾನ್ಸ್‌ಫರ್ ಆದ ಮ್ಯಾಲ ಹಾಸಿಗಿ ಹಿಡದು ಮಲಗಿದ್ರಿಂದ ಲಾಭ ಇಲ್ಲ ಅಂತ ಪರೀಕ್ಷೆ ಮಾಡೇ ನೋಡ್ಯಾರ. ಹೆಚ್ಚಿನ ಸಲ ಎಂಬ್ರಿಯೋದ ಕ್ರೋಮೋಸೋಮ್‌ನಾಗೇ ಏನೋ ಹೆಚ್ಚುಕಡಿಮಿ ಇರತದ, ವಯಸ್ಸು ಏರಿದಂಗ ಅದು ಜಾಸ್ತಿ ಆಗತದ, ಅದು ನಿನ್ನ ಕೈಯಾಗ ಇಲ್ಲ.

ಆದ್ರ ನಮ್ಮವು ಚಲೋ ಗ್ರೇಡ್ ಇದ್ವಲ್ರಿ ಅಂತ ಇವ್ರು ಕೇಳಿದ್ರು. ಗ್ರೇಡ್ ಅಂದ್ರ ಮೈಕ್ರೋಸ್ಕೋಪ್‌ನಾಗ ಹೊರಗಿಂದ ಹೆಂಗ ಕಾಣತದ ಅಂತ ಕೊಡೋ ಮಾರ್ಕ್ಸು, ಒಳಗಿನ ಕ್ರೋಮೋಸೋಮ್ ಕಾಣಂಗಿಲ್ಲ ಅಂದ್ರು ಡಾಕ್ಟರಮ್ಮ. ಇವ್ರಿಗಿ ಅದು ಪಟ್ ಅಂತ ತಿಳೀತು, "ಅಂದ್ರ ಗಂಜ್‌ನಾಗ ತೊಗರಿ ಕೈಯಾಗ ಹಿಡದು ನೋಡಿ ರೇಟ್ ಹಚ್ಚಿದಂಗ, ಒಳಗ ಹುಳ ಅದೋ ಇಲ್ಲೋ ಒಡದ ಮ್ಯಾಲೇ ಗೊತ್ತಾಗೋದು." ಡಾಕ್ಟರಮ್ಮ ನಕ್ರು. ಅಷ್ಟು ದಿನದಾಗ ನಾನೂ ಅವತ್ತೇ ನಕ್ಕಿದ್ದು.

ಈಗ ಸೆಂಟರಿನ ಮಾತು. ಮುಟ್ಟಿನ ಎರಡನೇ ದಿನ ಫೋನ್ ಮಾಡಿದ್ರ ಡಾಕ್ಟರ್ ಸಿಗಲಿಲ್ಲ, ಕೋಆರ್ಡಿನೇಟರ್ ಸಿಕ್ಕಳು, ಮೂರು ಸೈಕಲ್ ಪ್ಯಾಕೇಜ್ ಅದ, ಈ ತಿಂಗಳು ಕಡೀತನಾ ಡಿಸ್ಕೌಂಟ್ ಅಂದ್ಳು. ನಮಗ ಯಾಕ ಆಗಲಿಲ್ಲ ಅಂತ ಕೇಳಿದ್ರ "ಅದು ಡಾಕ್ಟರ್ ಹೇಳತಾರ". ಡಾಕ್ಟರ್ ವಿಡಿಯೋ ಕಾಲ್ ಸಿಗಾಕ ಸಂಕ್ರಾಂತಿ ದಾಟಬೇಕಾಯ್ತು. ಸಿಕ್ಕ ಮ್ಯಾಲ ಹತ್ತು ನಿಮಿಷ. ದೂರಬುದ್ಧಿಲೆ ಹೇಳ್ಲಾಕತ್ತಿಲ್ಲ, ಡಾಕ್ಟರ್ ಒರಟಾಗೇನೂ ಮಾತಾಡ್ಲಿಲ್ಲ, ಆದ್ರ "ಅನ್‌ಲಕ್ಕಿ" ಅಂದ್ರು, ಆಮ್ಯಾಲ ಮುಂದಿನ ಸಲಕ್ಕ ಇಆರ್‌ಎ, ಪಿಆರ್‌ಪಿ, ಇಂಟ್ರಾಲಿಪಿಡ್ ಅಂತ ಒಂದಿಷ್ಟು ಹೆಸರು ಹೇಳಿದ್ರು. ಒಂದೊಂದಕ್ಕೂ ಬ್ಯಾರೆ ಬಿಲ್.

ಮೂಲ ಚಿಕಿತ್ಸೆ ಮ್ಯಾಲ ಹೆಚ್ಚಿಗಿ ಸೇರಿಸೋ ಇಂಥವಕ್ಕ ಆ್ಯಡ್-ಆನ್ ಅಂತಾರ. ಯಾರಿಗೋ ಒಬ್ಬರಿಗಿ ಬೇಕಾಗಿರಬಹುದು, ಇಲ್ಲಂತಲ್ಲ, ಆದ್ರ ಎಲ್ಲಾರಿಗೂ ಹಚ್ಚಾಕ ಸಾಕ್ಷಿ ಇಲ್ಲ. ಯುರೋಪಿನ ಫರ್ಟಿಲಿಟಿ ಡಾಕ್ಟರ್‌ಗಳ ಸಂಘ ಎಶ್ರೆ 2023ರಾಗ ಇದರ ಬಗ್ಗೆನೇ ಶಿಫಾರಸು ಹೊರಡಿಸ್ಯಾದ, ಹೆಚ್ಚಿನವನ್ನ ರೂಢಿಯಾಗಿ ಮಾಡಬ್ಯಾಡ್ರಿ ಅಂತ. ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಎಚ್‌ಎಫ್‌ಇಎ ಅಂತೂ ಒಂದೊಂದು ಆ್ಯಡ್-ಆನಿಗೂ ಬಣ್ಣದ ರೇಟಿಂಗ್ ಕೊಟ್ಟದ, ವೆಬ್‌ಸೈಟಿನಾಗ ಯಾರು ಬೇಕಾದ್ರೂ ನೋಡಬಹುದು. ಚೀಟಿ ಮ್ಯಾಲ ಹೆಸರು ಬರಸ್ಕೊಂಡು ಬಂದು ಮನ್ಯಾಗ ಕುಂತು ಓದ್ರಿ, ಅಲ್ಲೇ ಕುಂತಲ್ಲೇ ಹೂಂ ಅನಬ್ಯಾಡ್ರಿ. ಇನ್ನೊಂದು, ಗೋಡಿ ಮ್ಯಾಲ ದೊಡ್ಡದಾಗಿ ಸಕ್ಸೆಸ್ ರೇಟ್ ಬರದಿರತಾರಲ್ಲ, ಅದನ್ನ ನೋಡಿದ್ರ ಇಷ್ಟು ಕೇಳ್ರಿ: ಇದು ನನ್ನ ವಯಸ್ಸಿನವರದಾ, ಸೈಕಲ್ ಶುರು ಮಾಡಿದವರಾಗ ಇಷ್ಟಾ ಇಲ್ಲಾ ಟ್ರಾನ್ಸ್‌ಫರ್ ತನಕ ಮುಟ್ಟಿದವರಾಗ ಇಷ್ಟಾ, ಬೀಟಾ ಪಾಸಿಟಿವ್ ಬಂದಿದ್ದು ಲೆಕ್ಕಾನಾ ಇಲ್ಲಾ ಕೂಸು ಕೈಗಿ ಬಂದಿದ್ದಾ? ನಾನು ಕೇಳಿದಾಗ ಡಾಕ್ಟರ್ ಸ್ವಲ್ಪ ಹೊತ್ತು ಸುಮ್ನಾದ್ರು, ಆಮ್ಯಾಲ ಹೇಳಿದ ನಂಬರ್ ಗೋಡಿದಕ್ಕಿಂತ ಭಾಳ ಕಡಿಮಿ ಇತ್ತು. ಆದ್ರ ಆ ಕಡಿಮಿ ನಂಬರ್ ಕೇಳಿ ನನಗ ಒಂದು ನಮೂನಿ ಹಗುರಾಯ್ತು, ಅಂದ್ರ ನನಗೊಬ್ಬಾಕಿಗೇ ಆಗಿಲ್ಲ.

ಕಾಗದಪತ್ರ. ಇದಕ್ಕ ಹೈರಾಣ ಆದಷ್ಟು ಯಾವುದಕ್ಕೂ ಆಗಿಲ್ಲ. ಸೆಕೆಂಡ್ ಒಪಿನಿಯನ್ ತಗೋಬೇಕಂದ್ರ ಸೆಂಟರಿನವ್ರು ಮಾಡಿದ್ದೆಲ್ಲಾ ಲಿಖಿತದಾಗ ಬೇಕು. ನಮಗ ಕೊಟ್ಟಿದ್ದು ಒಂದು ಹಾಳಿ, ಟ್ರಾನ್ಸ್‌ಫರ್ ಮಾಡ್ಯಾದ, ಬೀಟಾ ನೆಗೆಟಿವ್, ಮುಗೀತು. ಫೋನ್ ಮಾಡಿದ್ರ ಇವತ್ತು ನಾಳಿ. ಕಡೀಕ ಇವ್ರು ಇಮೇಲ್ ಬರದ್ರು, ಐವಿಎಫ್ ಸೆಂಟರ್‌ಗಳಿಗಿ ಇರೋ 2021ರ ಎಆರ್‌ಟಿ ಕಾಯ್ದೆ ಪ್ರಕಾರ ನೀವು ಮಾಡಿದ ಚಿಕಿತ್ಸೆಯ ವಿವರ ಇರೋ ಡಿಸ್ಚಾರ್ಜ್ ಸರ್ಟಿಫಿಕೇಟ್ ದಂಪತಿಗಳಿಗಿ ಕೊಡಬೇಕು ಅಂತ. ಆ ಕಾಯ್ದೆ ಹೆಸರು ಬರದ ಮ್ಯಾಲ ಎಲ್ಲಾ ಬಂತು, ಎಂಬ್ರಿಯಾಲಜಿ ಶೀಟ್ ಸಮೇತ. ನೀವು ಕೇಳ್ಬೇಕಾದ್ದು ಏನಂದ್ರ: ಯಾವ ಸೂಜಿ ಎಷ್ಟು ಡೋಸ್ ಎಷ್ಟು ದಿನ, ಮೊಟ್ಟಿ ಎಷ್ಟು ಬಲಿತಿದ್ದು ಎಷ್ಟು, ದಿನ ದಿನದ ಎಂಬ್ರಿಯೋ ಗ್ರೇಡ್, ಟ್ರಾನ್ಸ್‌ಫರ್ ದಿನದ ಲೈನಿಂಗ್, ಪ್ರೊಜೆಸ್ಟರಾನ್ ಲೆವೆಲ್ ನೋಡಿದ್ರ ಅದು, ಟ್ರಾನ್ಸ್‌ಫರ್ ಸಲೀಸಾಗಿ ಆಯ್ತಾ ತ್ರಾಸಾಯ್ತಾ ಅಂತ ಬರದ ನೋಟ್, ಉಳಿದ ಎಂಬ್ರಿಯೋ ಎಷ್ಟು ಯಾವ ತಾರೀಖು ಫ್ರೀಜ್ ಆಗ್ಯಾದ, ಮತ್ತ ನೀವು ಸಹಿ ಮಾಡಿದ ಕನ್ಸೆಂಟ್ ಫಾರ್ಮಿನ ಕಾಪಿ. ಕಾಪಿ ಅಂತೂ ಬಿಡಬ್ಯಾಡ್ರಿ. ಮೊದಲ ಸಲ ಶುರು ಮಾಡೋರಿದ್ರ ಮದುವಿ ಸರ್ಟಿಫಿಕೇಟೂ ಆಧಾರೂ ಒಂದೇ ಸ್ಪೆಲ್ಲಿಂಗ್ ಅದಾವೇನು ನೋಡ್ಕೋರಿ. ಇವ್ರ ಹೆಸರಿನಾಗ ಒಂದು "ಎ" ಜಾಸ್ತಿ ಇತ್ತು, ಅದೊಂದಕ್ಕ ನೋಟರಿ ಅಫಿಡವಿಟ್ ಮಾಡಿಸಬೇಕಾಯ್ತು. ಸೆಂಟರ್ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗ್ಯಾದೋ ಇಲ್ಲೋ ಅನ್ನೋದೂ ಮೊದಲೇ ಕೇಳ್ರಿ.

ಆ ಫೈಲ್ ತಗೊಂಡು ನಮ್ಮ ಕಲಬುರಗಿ ಡಾಕ್ಟರಮ್ಮನ ಹತ್ರ ಹೋದ್ವಿ. ಅವ್ರದು ಐವಿಎಫ್ ಲ್ಯಾಬ್ ಇಲ್ಲ, ಸಾದಾ ಹೆರಿಗಿ ದವಾಖಾನಿ, ಅದಕ್ಕೇ ಹೋಗಿದ್ದು ಅನ್ರಿ, ಅವ್ರಿಗಿ ನಮಗ ಏನೂ ಮಾರೋದಿರ್ಲಿಲ್ಲ. ಪೇಷಂಟೆಲ್ಲಾ ಮುಗಿದ ಮ್ಯಾಲ ಕುಂದ್ರಿಸ್ಕೊಂಡು ಹಾಳಿ ಹಾಳಿ ಓದಿದ್ರು. ಒಂದೇ ಟ್ರಾನ್ಸ್‌ಫರ್ ಫೇಲ್ ಆದದ್ದಕ್ಕ ಈ ಎಲ್ಲಾ ಟೆಸ್ಟ್ ಬ್ಯಾಡ, ಆದ್ರ ನಿನಗ ಗರ್ಭಚೀಲದ ಒಳಗ ದುರ್ಬೀನ್ ಹಾಕಿ ಯಾರೂ ನೋಡಿಲ್ಲ, ಹಿಸ್ಟರೋಸ್ಕೋಪಿ ಒಂದು ಆಗಲಿ, ಹಂಗೇ ಒಳಪದರದ ತುಣುಕು ತಗೊಂಡು ಟಿಬಿಗಿ ಕಳಸ್ತೀನಿ, ಥೈರಾಯ್ಡು ಸಕ್ಕರಿ ಹೊಳ್ಳಿ ಮಾಡ್ಸು, ಇಬ್ಬರದೂ ಕ್ಯಾರಿಯೋಟೈಪ್ (ಕ್ರೋಮೋಸೋಮ್ ನೋಡೋ ರಕ್ತ ಪರೀಕ್ಷೆ) ಒಮ್ಮೆ ಮಾಡಿಸಿದ್ರ ಜೀವನಕ್ಕೆಲ್ಲಾ ಸಾಕು. ಟಿಬಿ ಅಂದ ಕೂಡ್ಲೆ ಇವ್ರು ಗಾಬರಿಯಾದ್ರು, ಕೆಮ್ಮೇ ಇಲ್ಲಲ್ಲ ಅಂತ. ನಮ್ಮ ದೇಶದಾಗ ಗರ್ಭಚೀಲದ ಟಿಬಿ ಕೆಮ್ಮಿಲ್ದೇ ಜ್ವರಿಲ್ದೇ ಸುಮ್ನ ಕುಂತಿರತದ ಅಂತ, ಮಕ್ಕಳಾಗದವ್ರಾಗ ಅದನ್ನ ನೋಡಲೇಬೇಕಂತ.

ಹಿಸ್ಟರೋಸ್ಕೋಪಿ ಮುಟ್ಟು ನಿಂತ ಮ್ಯಾಲ ಮಾಡತಾರ, ಬೆಳಿಗ್ಗಿ ಹೋಗಿ ಸಂಜೀಕ ಮನಿಗಿ ಬಂದೆ, ಎರಡು ದಿನ ಸ್ವಲ್ಪ ರಕ್ತ ಕಂಡಿತು ಅಷ್ಟ. ಕಾಯಿಸಿದ್ದು ಟಿಬಿ ಕಲ್ಚರ್, ಅಂದ್ರ ಆ ತುಣುಕಿನಾಗ ಜೀವಾಣು ಬೆಳೀತದೇನು ಅಂತ ನೋಡೋದು. ಕಲ್ಚರ್ ನೆಗೆಟಿವ್ ಅಂತ ಹೇಳಾಕ 42 ದಿನ ಬೇಕು, ಆ ಜೀವಾಣು ಅಷ್ಟು ಸಾವಕಾಶ ಬೆಳೀತದ, ಲ್ಯಾಬಿಗಿ ದಿನಾ ಫೋನ್ ಮಾಡಿದ್ರೂ ಉಪಯೋಗಿಲ್ಲ. ಬರೇ ಪಿಸಿಆರ್ (ಜೀವಾಣುವಿನ ಡಿಎನ್‌ಎ ಹುಡುಕೋ ಪರೀಕ್ಷೆ) ಪಾಸಿಟಿವ್ ಬಂತಂತ ಆರು ತಿಂಗಳ ಟಿಬಿ ಗುಳಗಿ ಶುರು ಮಾಡಿದವ್ರು ನನಗ ದವಾಖಾನ್ಯಾಗ ಭೆಟ್ಟಿ ಆಗ್ಯಾರ. ಪಿಸಿಆರ್ ಸುಳ್ಳೂ ಹೇಳತದ, ಕಲ್ಚರ್ ಮತ್ತ ಹಿಸ್ಟರೋಸ್ಕೋಪಿ ಜೋಡಿ ಇಟ್ಟು ನೋಡ್ಬೇಕು ಅಂತ ನಮ್ಮ ಡಾಕ್ಟರಮ್ಮನ ಮಾತು, ಇಲ್ಲಿ ಇನ್ನೊಬ್ಬ ಡಾಕ್ಟರ್ ಕೇಳ್ದೇ ಮುಂದ ಹೋಗಬ್ಯಾಡ್ರಿ. ಟಿಬಿ ಪರೀಕ್ಷೆ ಸರ್ಕಾರಿ ಕಾರ್ಯಕ್ರಮದಾಗ ಪುಕ್ಕಟ ಅದ, ಕೇಳಿ ನೋಡ್ರಿ.

ಕ್ಯಾರಿಯೋಟೈಪ್ ನಾರ್ಮಲ್. ಹಿಸ್ಟರೋಸ್ಕೋಪಿ ನಾರ್ಮಲ್. ಥೈರಾಯ್ಡ್ ನಾರ್ಮಲ್. ಶರಣಬಸವೇಶ್ವರ ಜಾತ್ರಿ ಮುಗಿದು ಬಿಸಿಲು ಏರಿದ ಮ್ಯಾಲ ಕಲ್ಚರೂ ಬಂತು, ನೆಗೆಟಿವ್. ಎಲ್ಲಾರೂ ಚಲೋ ಆಯ್ತು ಬಿಡು ಅಂದ್ರು, ನಾನು ಅಡಗಿ ಮನ್ಯಾಗ ನಿಂತು ಅತ್ತೆ. ಏನಾರೆ ಒಂದು ಸಿಕ್ಕಿದ್ರ ಅದಕ್ಕ ಔಷಧ ತಗೊಂಡು ಮುಂದಿನ ಸಲ ಆಗತದ ಅಂತ ಹೇಳಾಕ ಬರತಿತ್ತು. ಕಾರಣನೇ ಇಲ್ಲಂದ್ರ ಯಾವುದನ್ನ ಸುಧಾರಿಸೋದು? ಬೀಟಾ ದಿನಕ್ಕಿಂತ ಇದೇ ನನಗ ಗಟ್ಟಿ ಹೊಡೀತು. ಬೀಟಾ ಬಂದಾಗ ಅಳಾಕ ಒಂದು ವಿಷಯ ಇತ್ತು, ಇಲ್ಲಿ ಅದೂ ಇರ್ಲಿಲ್ಲ. ಡಾಕ್ಟರಮ್ಮ ಹೇಳಿದ್ದು, ಒಂದು ಟ್ರಾನ್ಸ್‌ಫರ್ ಆಗ್ಲಿಲ್ಲ ಅಂದ್ರ ಹುಡುಕಿ ತಗಿಯೋ ರೋಗ ಇರಲೇಬೇಕಂತಿಲ್ಲ, ಚಲೋ ಎಂಬ್ರಿಯೋ ಚಲೋ ಗರ್ಭಚೀಲಕ್ಕ ಹಾಕಿದ್ರೂ ಹಿಡಿಯದೇ ಹೋಗತದ. ಅದನ್ನ ತಲಿಗಿ ಹಾಕ್ಕೊಳ್ಳಾಕ ನನಗ ಬ್ಯಾಸಗಿ ಪೂರ್ತಿ ಬೇಕಾಯ್ತು.

ಇವ್ರ ಕಡಿದೊಂದು ಇತ್ತು. ವೀರ್ಯ ತಯಾರಾಗಾಕ ಹೆಚ್ಚುಕಡಿಮಿ ಎಪ್ಪತ್ತು ದಿನದ ಮ್ಯಾಲ ಹಿಡೀತದಂತ, ಇವತ್ತು ಏನಾರೆ ಬದಲು ಮಾಡಿದ್ರ ಮೂರು ತಿಂಗಳ ಮ್ಯಾಲ ರಿಪೋರ್ಟಿನಾಗ ಕಾಣೋದು. ಇವ್ರದು ತಂಬಾಕು ಚಟ, ಗಂಜ್‌ನಾಗ ಚಹಾ ಕುಡಿದಂಗ ತಿಂತಾರ ಎಲ್ಲಾರೂ. ಡಾಕ್ಟರಮ್ಮ ಬೈಲಿಲ್ಲ, ನನ್ನ ಹೆಂಡ್ತಿಗಿ ಇಷ್ಟು ಸೂಜಿ ಚುಚ್ಚಿಸ್ತೀನಿ ನಾ ಇದೊಂದು ಬಿಡಂಗಿಲ್ಲ ಅಂತೀರೇನು ಅಂತ ಕೇಳಿದ್ರು ಅಷ್ಟ. ಬಿಟ್ಟಾರ. ಈಗ ಬಡಸೋಪು ಕಿಸೆದಾಗ, ಹೋದಲ್ಲೆಲ್ಲಾ ಚೆಲ್ಲತದ.

ರೊಕ್ಕದ ಲೆಕ್ಕ ಕೇಳೋರು ಭಾಳ ಮಂದಿ ಅದಾರ. ಮೊಟ್ಟಿ ತಗಿಯೋದು ಲ್ಯಾಬಿಂದು ಒಂದೂವರಿ ಲಕ್ಷದ ಮ್ಯಾಲ, ಸೂಜಿಗೇ ಎಪ್ಪತ್ತು ಸಾವಿರದ ಹತ್ರ, ಟ್ರಾನ್ಸ್‌ಫರ್‌ದು ಬ್ಯಾರೆ, ಫ್ರೀಜಿಂಗ್ ಬ್ಯಾರೆ, ಹೋಗಿ ಬರೋದು ಎಲ್ಲಾ ಸೇರಿ ಮೂರು ಲಕ್ಷ ದಾಟಿತು. ಫೇಲ್ ಆದ ಮ್ಯಾಲಿನ ಟೆಸ್ಟ್‌ಗಳಿಗಿ ಇನ್ನೂ ನಲವತ್ತು ಸಾವಿರ, ಇದನ್ನ ಯಾರೂ ಮೊದಲು ಲೆಕ್ಕದಾಗ ಹಿಡಿಯಂಗಿಲ್ಲ, ನೀವು ಹಿಡೀರಿ. ಇನ್ಶೂರೆನ್ಸ್ ಕೇಳಿದ್ವಿ, ಪಾಲಿಸ್ಯಾಗ ಎಕ್ಸ್‌ಕ್ಲೂಷನ್ ಕೋಡ್ 17 ಅಂತ ಇರತದ ನೋಡ್ರಿ, ಬಂಜೆತನ ಚಿಕಿತ್ಸೆ ಕವರ್ ಇಲ್ಲ ಅಂತ, ಹೆಚ್ಚಿನ ಪಾಲಿಸಿಗಳಾಗ ಅದೇ. ಆಯುಷ್ಮಾನ್ ಕಾರ್ಡಿನಾಗೂ ಐವಿಎಫ್ ಬರಂಗಿಲ್ಲ. ನನ್ನ ಎರಡು ಬಳಿ ಬ್ಯಾಂಕಿನಾಗ ಅವ, ತೊಗರಿ ಸೀಸನ್‌ನಾಗ ಇವ್ರಿಗಿ ಬಂದ ರೊಕ್ಕ ಬಡ್ಡಿಗಿ ಹೋಯ್ತು.

ಇದರ ನಡುವ ನಾದ್ನಿ ಕುಬಸ (ಸೀಮಂತ). ಹಸಿರು ಬಳಿ, ಹಸಿರು ಸೀರಿ, ಐದು ನಮೂನಿ ಸಿಹಿ, ನಾನು ಮನಿ ಹಿರಿ ಸೊಸಿ. ನನಗ ಬರಾಕಾಗಂಗಿಲ್ಲ ಅಂತ ಇವ್ರಿಗಿ ಹೇಳಿದೆ. ಇವ್ರು ಅವ್ರ ತಂಗಿಗಿ ನೇರ ಫೋನ್ ಮಾಡಿ ಹೇಳಿಬಿಟ್ರು. ನಾದ್ನಿ ನನಗ ಮೆಸೇಜ್ ಹಾಕಿದ್ಳು, "ವೈನಿ, ನೀ ಬರ್ಬ್ಯಾಡ, ನಾನೇ ಆಮ್ಯಾಲ ನಿನ್ನ ಹತ್ರ ಬರ್ತೀನಿ." ಬಂದ್ಳು ಕೂಡ, ಒಂದು ಡಬ್ಬಿ ಮಾಲ್ದಿ ಹಿಡ್ಕೊಂಡು, ಕುಬಸದ ಮಾತೇ ತಗೀಲಿಲ್ಲ. ಎಲ್ಲಾರ ಮನಿ ಹಿಂಗ ಇರಂಗಿಲ್ಲ ಅಂತ ಗೊತ್ತದ. ಆದ್ರ ಬರಂಗಿಲ್ಲ ಅಂತ ಹೇಳೋ ಕೆಲಸ ಗಂಡಂದಿರು ಮಾಡಿದ್ರ ಅರ್ಧ ಭಾರ ಇಳೀತದ.

ಮನ್ಯಾಗ ಎರಡೇ ಖೋಲಿ, ಅತ್ತಿ ಮಾವ ಇರತಾರ, ಇದರ ಮಾತು ಆಡಾಕ ಜಾಗ ಇಲ್ಲ. ಹಂಗಾಗಿ ರಾತ್ರಿ ಪಿಸುಪಿಸು ಶುರುವಾಗಿ ಜಗಳಕ್ಕ ಹೋಗತಿತ್ತು. ಇವ್ರು ಲಗೂ ಇನ್ನೊಂದು ಮಾಡಿಸೋಣು ವಯಸ್ಸಾಗತದ ಅನ್ನೋದು, ನಾನು ಸುಮ್ನಿರ್ರಿ ಅನ್ನೋದು. ಆಮ್ಯಾಲ ಒಂದು ರೂಢಿ ಮಾಡ್ಕೊಂಡ್ವಿ, ಐತವಾರ ಸಂಜೀಕ ಅಪ್ಪನ ಕೆರಿ ದಂಡಿಗಿ ವಾಕಿಂಗ್ ಹೋಗೋದು, ಇದರ ಮಾತು ಅಲ್ಲಿ ಅಷ್ಟ, ಉಳಿದ ದಿನ ಬಾಯಿ ಬಿಡೋದಿಲ್ಲ. ನಡು ವಾರದಾಗ ಏನಾರೆ ಹೊಳದ್ರ ಫೋನಿನಾಗ ಬರದಿಡೋದು. ಐತವಾರ ಬರೋದ್ರಾಗ ಅರ್ಧ ಪ್ರಶ್ನೆ ತಾವೇ ಸತ್ತಿರತಿದ್ವು. ನಿದ್ದಿ ಪೂರಾ ಬಿಟ್ಟಾಗ ಒಂದು ರಾತ್ರಿ 14416ಕ್ಕ ಫೋನ್ ಮಾಡ್ದೆ, ಟೆಲಿ ಮಾನಸ್ ಅಂತ ಸರ್ಕಾರದ್ದು, ಪುಕ್ಕಟ, ಕನ್ನಡದಾಗ ಮಾತಾಡತಾರ. ಆ ಕಡಿ ಹುಡುಗಿ ಸಲಹಾ ಕೊಡ್ಲಿಲ್ಲ, ಎಲ್ಲಾ ಆಗತದ ಅಂತನೂ ಅನ್ಲಿಲ್ಲ. ಕೇಳಿದ್ಳು. ಊಟ ಮಾಡೀರೇನು ಅಂತ ಕೇಳಿದ್ಳು. ವಾರಗಟ್ಟಲೆ ನಿದ್ದಿ ಇಲ್ಲ, ಸಾಯೋ ವಿಚಾರ ಬರ್ಲಾಕತ್ಯಾದ ಅಂದ್ರ ಕಾಯಬ್ಯಾಡ್ರಿ, ಫೋನ್ ಮಾಡ್ರಿ, ಡಾಕ್ಟರಿಗೂ ತೋರಸ್ರಿ.

ಈಗ ಫ್ರೀಜರ್‌ನಾಗಿನ ಆ ಒಂದು. ಬ್ಯಾಸಗ್ಯಾಗ ಸೆಂಟರಿಂದ ಬಾಡಗಿ ರಿನ್ಯೂವಲ್ ನೋಟಿಸ್ ಬಂತು. ಇಡಬೇಕೋ ಬ್ಯಾಡೋ ಅಂತ ಒಂದು ಟಿಕ್ ಮಾಡೋದಿತ್ತು, ಫಾರ್ಮಿನಾಗ ಇಬ್ಬರಾಗ ಒಬ್ಬರು ಸತ್ರ ಏನ್ ಮಾಡ್ಬೇಕು ಅಂತನೂ ಕೇಳಿರತಾರ, ಮೊದಲ ಸಲ ಓದದೇ ಸಹಿ ಹಾಕೋರು ಬಹಳ, ಇದನ್ನ ಕುಂತು ಓದ್ರಿ. ಕಾಯ್ದೆ ಪ್ರಕಾರ ಹತ್ತು ವರ್ಷ ತನಕ ಇಡಬಹುದು. ಬ್ಯಾರೆ ಸೆಂಟರಿಗಿ ಒಯ್ಯಬೇಕಂದ್ರ ಸುಮ್ನ ಡಬ್ಬಿ ಎತ್ಕೊಂಡು ಹೋಗಾಕ ಬರಂಗಿಲ್ಲ, ಅದಕ್ಕ ರಾಷ್ಟ್ರೀಯ ಮಂಡಳಿ ಪರವಾನಿಗಿ ಅಂತ ಕಾಯ್ದ್ಯಾಗ ಅದ. ಅಂದ್ರ ಎಲ್ಲಿ ಫ್ರೀಜ್ ಮಾಡಿಸ್ತೀರೋ ಅಲ್ಲಿಗೇ ಅರ್ಧ ಕಟ್ಟಿ ಹಾಕ್ಕೊಂಡಂಗ, ಫ್ರೀಜ್ ಮಾಡೋಕಿಂತ ಮೊದಲು ವಿಚಾರ ಮಾಡ್ರಿ.

ನಮ್ಮ ಮುಂದ ಮೂರು ದಾರಿ ಇದ್ವು. ಇದೊಂದನ್ನೇ ಹಾಕಿಸೋದು, ಇಲ್ಲಾಂದ್ರ ವಯಸ್ಸು ಏರೋದ್ರಾಗ ಇನ್ನೊಮ್ಮೆ ಮೊಟ್ಟಿ ತಗಿಸಿ ಇನ್ನಷ್ಟು ಕೂಡಿಸಿಡೋದು, ಇಲ್ಲಾಂದ್ರ ನಿಲ್ಲಿಸೋದು. ದತ್ತು ಬಗ್ಗೆನೂ ಓದಿದ್ವಿ, ಕಾರಾ ಅಂತ ಸರ್ಕಾರದ ಪೋರ್ಟಲ್ ಮೂಲಕನೇ ಹೋಗ್ಬೇಕು, ಎರಡು ವರ್ಷದೊಳಗಿನ ಕೂಸು ಬೇಕಂದ್ರ ಗಂಡ ಹೆಂಡ್ತಿ ವಯಸ್ಸು ಕೂಡಿಸಿ 85 ದಾಟಬಾರದು, ಕಾಯೋದು ಅಲ್ಲೂ ವರ್ಷಗಟ್ಟಲೆ. ಅತ್ತಿಗಿ ಇನ್ನೂ ಹೇಳಿಲ್ಲ. ಡಾಕ್ಟರಮ್ಮನ ಲೆಕ್ಕದಾಗ ಎರಡನೇ ದಾರಿನೂ ತಪ್ಪಲ್ಲ, ನನ್ನ ಎಎಂಎಚ್ ನೋಡಿದ್ರ ತಡ ಮಾಡೋದು ಚಲೋ ಅಲ್ಲ, ಆದ್ರ ಎಎಂಎಚ್ ಮೊಟ್ಟಿ ಎಷ್ಟು ಅಂತ ಹೇಳತದ, ಹೆಂಥಾವು ಅಂತ ಹೇಳಂಗಿಲ್ಲ, ಅದನ್ನ ನೋಡಿ ಅಂಜಿ ಓಡಬ್ಯಾಡ ಅಂದ್ರು.

ಕೆರಿ ದಂಡಿ ಮ್ಯಾಲ ನಾಕೈದು ಐತವಾರ ಇದೇ ಮಾತು. ಕಡೀಕ ಹಿಂಗ ಗೊತ್ತು ಮಾಡಿದ್ವಿ: ಒಂದು ವರ್ಷದ ಬಾಡಗಿ ಕಟ್ಟೋದು, ದಸರಾ ಮುಗಿದ ಮ್ಯಾಲ ಇದೊಂದನ್ನ ಹಾಕಿಸೋದು, ಆ್ಯಡ್-ಆನ್ ಯಾವುದೂ ಇಲ್ದೇ. ಅದಕ್ಕೂ ಮೊದಲು ಇವ್ರ ರಿಪೋರ್ಟ್ ಹೊಳ್ಳಿ ಮಾಡಿಸಬೇಕು, ತಂಬಾಕು ಬಿಟ್ಟಿದ್ದಕ್ಕ ಏನಾರೆ ಫರಕ್ ಬಿದ್ದದೇನು ಗೊತ್ತಾಗತದ, ನನ್ನ ಥೈರಾಯ್ಡ್ ಒಮ್ಮೆ. ಅದು ಹಿಡಿಯದಿದ್ರ ಇನ್ನೊಮ್ಮೆ ಮೊಟ್ಟಿ ತಗಿಸೋದೋ ಬ್ಯಾಡೋ ಅನ್ನೋದನ್ನ ಈಗ ಗೊತ್ತು ಮಾಡಿಲ್ಲ, ಮಾಡೋದೂ ಇಲ್ಲ. ಬಳಿ ಬಿಡಿಸ್ಕೊಂಡ ಮ್ಯಾಲ ಆ ಮಾತು ಅಂತ ಇಬ್ಬರೂ ಒಪ್ಪೀವಿ. ಅತ್ತಿಗಿ ಹೇಳಿದೆ, ದಸರಾ ತನಕ ಯಾರಾರೆ ಕೇಳಿದ್ರ ಚಿಕಿತ್ಸೆ ಬಂದ್ ಮಾಡ್ಯಾರ ಅನ್ರಿ ಅಂತ. ಸುಳ್ಳು ಹೇಳಂತೀಯಲ್ಲ ಅಂದ್ರು, ಆದ್ರ ಮೊನ್ನೆ ದೊಡ್ಡಮ್ಮ ಬಂದಾಗ ಅದನ್ನೇ ಹೇಳಿದ್ರು, ನನಗಿಂತ ಗಟ್ಟಿಯಾಗಿ.

ಕೋಆರ್ಡಿನೇಟರ್ ಈಗೂ ತಿಂಗಳಿಗೊಮ್ಮೆ ಫೋನ್ ಮಾಡತಾಳ, ಪ್ಯಾಕೇಜ್ ಈ ತಿಂಗಳು ಕಡೀತನಾ ಅಂತ. ಆಕಿಗೂ ಟಾರ್ಗೆಟ್ ಇರಬೇಕು ಪಾಪ. ನನಗ ಆ ನಂಬರ್ ಕಂಡ್ರ ಕೈ ನಡಗತಿತ್ತು, ಹಂಗಾಗಿ ಇವ್ರ ನಂಬರ್ ಕೊಟ್ಟೀನಿ. ಇವ್ರು ಗಂಜ್‌ನಾಗ ಲಿಲಾವಿನ ಗದ್ದಲದಾಗ ನಿಂತು ಫೋನ್ ಎತ್ತತಾರ, ಆಕಿ ರೇಟ್ ಹೇಳಿದ್ರ ಇವ್ರು ತೊಗರಿ ರೇಟ್ ಹೇಳತಾರ, ದಸರಾ ಆದ ಮ್ಯಾಲ ಮಾಡ್ರಿ ಅಂತ ಇಡತಾರ.